ಕರಗುವ ಮಂಜುಗಡ್ಡೆ ಮತ್ತು ಮಕ್ಕಳ ಲಸಿಕೆ



ಶುದ್ಧವಾದ ಸ್ಫಟಿಕ ವಸ್ತು ಸಾಮಾನ್ಯವಾಗಿ ತನಗೆ ನಿಯತವಾದ ಉಷ್ಣತೆಯಲ್ಲಿಯೇ ಕರಗುತ್ತದೆ. ಇದನ್ನು ಅದರ ದ್ರವನಬಿಂದು ಎನ್ನುತ್ತಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ತವರ 232 ಡಿಗ್ರಿಯಲ್ಲಿ, ಮಂಜುಗಡ್ಡೆ 0 ಡಿಗ್ರಿಯಲ್ಲಿ ಕರಗುತ್ತದೆ. ಶಾಲೆಯಲ್ಲಿ ಓದಿ ಮರೆತುಬಿಡುವ ಈ ಕೊನೆಯ ಸಂಖ್ಯೆಯ ಮೇಲೆ ಅಸಂಖ್ಯಾತ ಶಿಶುಗಳ ಆರೋಗ್ಯರಕ್ಷಣೆ ನಿಂತಿದೆ.

ಮಂಜುಗಡ್ಡೆಗೆ ಒಂದು ವಿಶೇಷ ಗುಣವಿದೆ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು ಸುಮಾರು 80 ಕ್ಯಾಲೊರಿ ಉಷ್ಣವನ್ನು ಹೀರಿಕೊಳ್ಳುತ್ತದೆ. ಆದರೂ ಅದರ ಉಷ್ಣತೆ ಏರುವುದಿಲ್ಲ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಗಡ್ಡೆ ಪೂರ್ಣವಾಗಿ ಕರಗುವವರೆಗೂ ನೀರು ಮತ್ತು ಗಡ್ಡೆಯ ಮಿಶ್ರಣ 0 ಡಿಗ್ರಿಯಲ್ಲಿಯೇ ಇರುತ್ತದೆ. ಲಸಿಕೆಗಳನ್ನು ಹಳ್ಳಿಹಳ್ಳಿಗೆ ಒಯ್ಯುವ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್‌ಗಳನ್ನು ಇಡುವುದು ಈ ಕಾರಣದಿಂದಲೇ.

ಆದರೆ ಇಲ್ಲೊಂದು ಅಪಾಯವೂ ಇದೆ. ಆಳಶೈತ್ಯ ಪೆಟ್ಟಿಗೆಯಿಂದ ಆಗತಾನೆ ತೆಗೆದ ಐಸ್ ಪ್ಯಾಕ್‌ನ ಉಷ್ಣತೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿರಬಹುದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮೊದಲಾದ ರೋಗಗಳನ್ನು ತಡೆಯುವ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳಿರುತ್ತವೆ. ಲಸಿಕೆ ಹೆಪ್ಪುಗಟ್ಟಿದಾಗ ಈ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ, ಲಸಿಕೆಯ ಶಕ್ತಿ ಕುಂದುತ್ತದೆ. ಅಂತಹ ಲಸಿಕೆ ಪಡೆದ ಮಗುವಿನ ಹೆಸರು ದಾಖಲೆಯಲ್ಲಿ ಸೇರುತ್ತದೆ. ರಕ್ಷಣೆ ಮಾತ್ರ ದೊರೆಯದೆ ಹೋಗಬಹುದು.

ಇದಕ್ಕೆ ಪರಿಹಾರವೂ ದ್ರವನಬಿಂದುವಿನಲ್ಲಿಯೇ ಅಡಗಿದೆ. ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದ ನಂತರವೇ ಪೆಟ್ಟಿಗೆಯಲ್ಲಿ ಇಡಬೇಕು. ಆ ಸದ್ದು ಉಷ್ಣತೆ 0 ಡಿಗ್ರಿಗೆ ಬಂದುದರ ಸಂಕೇತ. ನೀರಿನಲ್ಲಿ ಲವಣ ಕರಗಿದಾಗ ದ್ರಾವಣದ ಘನೀಭವನ ಬಿಂದು ಕೆಳಗಿಳಿಯುತ್ತದೆ. ಶೇಕಡ 0.9ರಷ್ಟು ಉಪ್ಪಿರುವ ದ್ರಾವಣ ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಲಸಿಕೆಯೂ ಇಂತಹ ಲವಣಯುಕ್ತ ದ್ರವವೇ ಆದುದರಿಂದ, ಕರಗುತ್ತಿರುವ ಮಂಜುಗಡ್ಡೆ ಅದನ್ನು ತಂಪಾಗಿಡುವುದೇ ಹೊರತು ಹೆಪ್ಪುಗಟ್ಟಿಸುವುದಿಲ್ಲ.

ಇದೇ ನಿಯಮದಿಂದ, ಐಸ್ ಪ್ಯಾಕ್‌ನ ನೀರಿಗೆ ಉಪ್ಪು ಬೆರೆಸಬಾರದೆಂಬುದೂ ಸ್ಪಷ್ಟವಾಗುತ್ತದೆ. ಕುಲ್ಫಿ ಮಾರುವವರು ಮಂಜುಗಡ್ಡೆಗೆ ಉಪ್ಪು ಸೇರಿಸುವುದು ಉಷ್ಣತೆಯನ್ನು ಸೊನ್ನೆಗಿಂತ ಬಹಳ ಕೆಳಗಿಳಿಸಲು. ಹದವಾಗಿ ಬೆರೆತರೆ ಅದು 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಕುಲ್ಫಿಗೆ ಹಿತವಾದ ಈ ಶೈತ್ಯ ಲಸಿಕೆಗೆ ಮಾರಕ.

ಬಾಯಿಗೆ ಹಾಕುವ ಪೋಲಿಯೊ ಲಸಿಕೆಯ ಸ್ವಭಾವ ಬೇರೆ. ಅದು ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ಬಿಸಿಗೆ ಬೇಗ ಕೆಡುತ್ತದೆ. ಲಸಿಕೆಯ ಸೀಸೆಯ ಮೇಲಿನ ವರ್ತುಲದೊಳಗಿನ ಚೌಕ, ಸುತ್ತಲಿನ ವರ್ತುಲಕ್ಕಿಂತ ತಿಳಿಬಣ್ಣದಲ್ಲಿದ್ದರೆ ಲಸಿಕೆ ಅತಿಯಾದ ಬಿಸಿಗೆ ಸಿಕ್ಕಿಲ್ಲವೆಂದು ತಿಳಿಯಬಹುದು. ಆದರೆ ಅದು ಹೆಪ್ಪುಗಟ್ಟಿತ್ತೇ ಎಂಬುದನ್ನು ಈ ಗುರುತು ಹೇಳಲಾರದು. ಆದುದರಿಂದ ಕಾರ್ಯಕರ್ತರ ಎಚ್ಚರಿಕೆಯೇ ಇಲ್ಲಿ ಮುಖ್ಯ ಕಾವಲು.

1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ದೇಶದ ಮೂಲೆಮೂಲೆಗೂ ತಲುಪಿದುದು ಇಂತಹ ಶೀತಲ ಸರಪಳಿಯ ಬಲದಿಂದ. ಲಸಿಕಾ ಶಿಬಿರದ ಸಿದ್ಧತೆಯ ವೇಳೆ ಆರೋಗ್ಯ ಕಾರ್ಯಕರ್ತೆ ಐಸ್ ಪ್ಯಾಕ್ ಕರಗಲೆಂದು ಕಾಯುತ್ತಿದ್ದರೆ, ಅದು ಆಲಸ್ಯವಲ್ಲ, ಕರ್ತವ್ಯಪಾಲನೆ. ಆಕೆಯನ್ನು ಅವಸರಪಡಿಸದೆ ಸಹಕರಿಸುವುದು ಪ್ರತಿಯೊಬ್ಬ ತಾಯಿತಂದೆಯರ ಹೊಣೆ. ಆ ಕೆಲವು ನಿಮಿಷಗಳ ತಾಳ್ಮೆ ಮಗುವಿಗೆ ಹಲವು ವರ್ಷಗಳ ರಕ್ಷೆಯಾಗುತ್ತದೆ.