ಇನ್ನೊಬ್ಬರ ಪಾಲು ನಮ್ಮ ಕೈಯಲ್ಲಿದ್ದಾಗ



ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಸಭೆಗಳ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಸುವಾರ್ತೆಯ ಪಾಠಗಳನ್ನು ದಿನದಿನದ ಬಾಳುವೆಯಲ್ಲಿ ನಡೆಸುವುದು ಹೇಗೆ ಎಂಬುದು ಈ ಸಲದ ವಿಷಯ. ಇದನ್ನು ನಮ್ಮ ಹೊಲ, ನಮ್ಮ ಸಂತೆ, ನಮ್ಮ ಮನೆಗಳ ನಡುವೆಯೇ ಇಟ್ಟು ನೋಡೋಣ.

ನಮ್ಮ ಸೀಮೆಗೆ ಸುವಾರ್ತೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುದ್ದೇಬಿಹಾಳದ ಕಡೆಯಿಂದ ಕೃಷ್ಣೆ ದಾಟಿ ಹೋದರೆ ಸಿಗುವ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಿಂದ, 16ನೇ ಶತಮಾನದಿಂದಲೇ, ಕ್ರೈಸ್ತ ಮನೆತನಗಳು ಬಾಳಿಕೊಂಡು ಬಂದಿವೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ ಬಂದು ನೆಲೆಸಿದರು. ಮುಂದೆ ವಿಜಯಪುರಕ್ಕೂ ಬಂದರು. 1853ರಲ್ಲಿ ಈ ನಾಡಿಗೆ ಬಂದ ಅದೇ ಮಿಷನ್ನಿನ ಕಿಟೆಲ್ಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಷಟ್ಪದಿಗೆ ಅಳವಡಿಸಿ 'ಕಥಾಮಾಲೆ'ಯಾಗಿ ಕೊಟ್ಟರು. 1876ರಿಂದ 78ರವರೆಗಿನ ಘೋರ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿದ್ದ ನಮ್ಮ ನಾಡು ಬರಿದಾದಾಗ, ಅನಾಥರಾದ ಮಕ್ಕಳಿಗೆ ಮಿಷನ್ನಿನ ಅಂಗಳದಲ್ಲಿ ಆಸರೆ ಸಿಕ್ಕಿತು. ನಮ್ಮ ಜನ ವಿಶ್ವಾಸವನ್ನು ಕಿವಿಯಿಂದ ಕೇಳಿದ್ದಷ್ಟೇ ಅಲ್ಲ, ಹಸಿದ ಹೊಟ್ಟೆಗೆ ಬಿದ್ದ ಅನ್ನದಲ್ಲೂ ಕಂಡರು.

ಇನ್ನೊಂದು ಮಾತನ್ನೂ ನೆನೆಯಬೇಕು. ನಾವು ಬಾಳುತ್ತಿರುವುದು ಬಸವಣ್ಣನವರ ಹುಟ್ಟೂರಿನ ಸೀಮೆಯಲ್ಲಿ. ಕಾಯಕ ಮತ್ತು ದಾಸೋಹದ ಮಾತನ್ನು ನಮ್ಮ ನೆರೆಹೊರೆಯವರು 12ನೇ ಶತಮಾನದಿಂದ ಕೇಳುತ್ತ ಬಂದಿದ್ದಾರೆ. ನುಡಿದಂತೆ ನಡೆಯದವನನ್ನು ಇಲ್ಲಿಯ ಜನ ಕೂಡಲೇ ಗುರುತಿಸುತ್ತಾರೆ. ಅವರು ನಮ್ಮ ಪ್ರಸಂಗ ಕೇಳಲು ಬರಲಿಕ್ಕಿಲ್ಲ. ಆದರೆ ನಮ್ಮ ಹೊಲದಲ್ಲಿ ಕೂಲಿ ಮಾಡುತ್ತಾರೆ, ನಮ್ಮ ಅಂಗಡಿಯಲ್ಲಿ ಉದ್ದರಿ ಒಯ್ಯುತ್ತಾರೆ, ನಮ್ಮ ಮನೆಯ ಜಗಳ ಕೇಳಿಸಿಕೊಳ್ಳುತ್ತಾರೆ. ನಮ್ಮ ಸುವಾರ್ತೆಯನ್ನು ಅವರು ಓದುವುದು ಅಲ್ಲಿ.

ಹಾಗಾಗಿ ನಾನು ಈ ದಿನ ಒಂದೇ ಮಾತು ಹೇಳಬಯಸುತ್ತೇನೆ. ಇನ್ನೊಬ್ಬರ ಪಾಲು ನಮ್ಮ ಕೈಗೆ ಬಂದಾಗ, ಅದನ್ನು ಕೊಡುವುದೂ ತಡೆಯುವುದೂ ನಮ್ಮ ಇಚ್ಛೆಗೇ ಬಿಟ್ಟಾಗ, ನಾವೇನು ಮಾಡುತ್ತೇವೆ? ಶಿಷ್ಯತ್ವದ ಪರೀಕ್ಷೆ ಅಲ್ಲಿದೆ. ಯೇಸು ಸ್ವಾಮಿ ಹೇಳಿದ ಸಾಮ್ಯಗಳನ್ನು ನೆನೆದುಕೊಳ್ಳಿ. ಎಷ್ಟೊಂದು ಕಡೆ ಕೂಲಿ ಬರುತ್ತದೆ, ಸಾಲ ಬರುತ್ತದೆ, ಆಸ್ತಿ ಬರುತ್ತದೆ, ಲೆಕ್ಕ ಕೇಳುವ ಯಜಮಾನ ಬರುತ್ತಾನೆ! ಮನುಷ್ಯನ ಮನಸ್ಸು ಎಲ್ಲಿ ಬಯಲಾಗುತ್ತದೆಂದು ಸ್ವಾಮಿಗೆ ಗೊತ್ತಿತ್ತು.

ಮೊದಲು ಕೂಲಿಯ ಮಾತು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಯಜಮಾನನ ಸಾಮ್ಯವಿದೆ. ಬೇರೆ ಜಿಲ್ಲೆಯವರು ಆ ತೋಟವನ್ನು ಕಲ್ಪಿಸಿಕೊಳ್ಳಬೇಕು. ದ್ರಾಕ್ಷಿಗೆ ಹೆಸರಾದ ವಿಜಯಪುರ ಜಿಲ್ಲೆಯವರಾದ ನಮಗೆ ಆ ಕಷ್ಟವಿಲ್ಲ. ಬಳ್ಳಿ ಕತ್ತರಿಸುವ ಚಾಟ್ನಿ ಕಾಲದಲ್ಲಿ ನಸುಕಿಗೇ ಬುತ್ತಿ ಗಂಟು ಹಿಡಿದು ಸರ್ಕಲ್ಲಿನಲ್ಲಿ ನಿಲ್ಲುವ ಆಳುಗಳನ್ನು ನಾವು ಕಂಡಿದ್ದೇವೆ, ನಮ್ಮಲ್ಲಿ ಎಷ್ಟೋ ಮಂದಿ ಹಾಗೆ ನಿಂತವರೇ. ಟಂಟಂ ಬರುತ್ತದೆ, ಗಟ್ಟಿಮುಟ್ಟಾದವರು ಹತ್ತುತ್ತಾರೆ. ಬಿಸಿಲೇರಿದ ಮೇಲೂ ಅಲ್ಲೇ ಉಳಿಯುವವರು ಯಾರು? ವಯಸ್ಸಾದವರು, ಕಂಕುಳಲ್ಲಿ ಕೂಸಿರುವ ತಾಯಿ, ಜ್ವರದಿಂದ ಎದ್ದು ಬಂದವನು. ಸಾಮ್ಯದ ಯಜಮಾನ ಕೊನೆಯ ಹೊತ್ತಿಗೆ ಕರೆದುಕೊಂಡದ್ದು ಅಂಥವರನ್ನೇ. ಬೈಗಿಗೆ ಅವರಿಗೂ ಪೂರ್ತಿ ಕೂಲಿ ಕೊಟ್ಟ. ಒಂದು ತಾಸು ದುಡಿದವನ ಮನೆಯಲ್ಲೂ ಉಣ್ಣುವ ಬಾಯಿಗಳು ಅಷ್ಟೇ ಇರುತ್ತವೆ ಎಂಬುದು ಅವನ ಲೆಕ್ಕದಲ್ಲಿ ಸೇರಿತ್ತು.

ನಮ್ಮ ಲೆಕ್ಕ ಹೇಗಿದೆ? ಕಳೆ ತೆಗೆಯುವ, ತೊಗರಿ ಕೊಯ್ಯುವ, ಜೋಳ ಕೀಳುವ ಹೆಣ್ಣುಮಕ್ಕಳಿಗೆ ಗಂಡಾಳಿಗಿಂತ ಕಡಿಮೆ ಪಗಾರ ಎಂಬುದು ಊರ ರೂಢಿಯಾಗಿ ಕೂತಿದೆ. ಸರಿಸಮಾನ ಕೆಲಸಕ್ಕೆ ಸರಿಸಮಾನ ವೇತನ ಎಂಬ ಕಾನೂನು 1976ರಲ್ಲೇ ಬಂತು. ಸುವಾರ್ತೆ ಅದಕ್ಕೂ ಎಷ್ಟೋ ಮೊದಲು ಬಂದಿದೆ. ನಾಲ್ಕೇ ಎಕರೆ ಇರುವ ವಿಶ್ವಾಸಿಯಾದರೂ ಇಂದಿನಿಂದ ಹೆಣ್ಣಾಳಿಗೆ ಗಂಡಾಳಿನಷ್ಟೇ ಕೊಡಲಿ. 'ಸಂತೆ ದಿನ ಬಾ' ಎನ್ನದೆ ಅವತ್ತಿನ ಕೂಲಿ ಅವತ್ತೇ ಕೊಡಲಿ. ಇಂಡಿಯ ನಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಊರಿನ ಹೆಸರು ದೂರ ಮುಟ್ಟಿದೆ. ನಮ್ಮವರು ಕಟ್ಟಿದ ನಿಂಬೆ ಚೀಲದಲ್ಲಿ ಮೇಲೆ ಕಂಡಂಥ ಕಾಯಿಯೇ ತಳದಲ್ಲೂ ಇರಲಿ. ಕೊಳ್ಳುವವನು ಚೀಲ ಸುರಿದು ನೋಡಬೇಕಾಗಿಲ್ಲ ಎಂಬ ಹೆಸರು ನಮಗೆ ಬರಲಿ. ಅದು ಸಾಕ್ಷಿ.

ಎರಡನೆಯದು ಅಣ್ಣತಮ್ಮಂದಿರ ಪಾಲು. ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ, ಜನರ ಗುಂಪಿನಿಂದ ಒಬ್ಬ ಎದ್ದು ತನ್ನ ಅಣ್ಣನಿಂದ ಆಸ್ತಿಯ ಪಾಲು ಕೊಡಿಸೆಂದು ಸ್ವಾಮಿಯನ್ನು ಕೇಳುತ್ತಾನೆ. ಸ್ವಾಮಿ ಪಂಚಾಯ್ತಿಗೆ ಕೂರಲಿಲ್ಲ. ಬೆಳೆ ಹೆಚ್ಚಾಯಿತೆಂದು ಕಣಜ ಕಿತ್ತು ದೊಡ್ಡದು ಕಟ್ಟಲು ಹೊರಟು, ಆ ರಾತ್ರಿಯೇ ಪ್ರಾಣ ಬಿಟ್ಟ ಶ್ರೀಮಂತನ ಕಥೆ ಹೇಳಿದರು. ಕೃಷ್ಣಾ ತೀರದ ನಮಗೆ ಈ ಕಥೆ ತೀರ ಹತ್ತಿರದ್ದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿಯ ಜಲಾಶಯ ಒಣ ಭೂಮಿಗೆ ನೀರು ಕೊಟ್ಟಿತು. ಹಾಗೆಯೇ ಎಷ್ಟೋ ಹಳ್ಳಿಗಳನ್ನು ಎಬ್ಬಿಸಿ ಬೇರೆಡೆ ಕೂರಿಸಿತು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಮತ್ತಷ್ಟು ಹೊಲಗಳು ಮುಳುಗುವ ಮಾತು ನಡೆದಿದೆ. ಹೊಲ ಮುಳುಗುವ ನೋವು ದೊಡ್ಡದು. ಪರಿಹಾರದ ದುಡ್ಡು ಬಂದ ಮೇಲೆ ಒಂದೇ ಒಲೆಯಲ್ಲಿ ಉಂಡವರು ಕೋರ್ಟಿನ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂರುವುದು ಅದಕ್ಕಿಂತ ದೊಡ್ಡ ನೋವು. ಗಂಡ ಸತ್ತ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಪಾಲನ್ನು ತಾವೇ ಇಟ್ಟುಕೊಂಡ ಅಣ್ಣಂದಿರು ಎಲ್ಲ ಸಮಾಜಗಳಲ್ಲೂ ಇದ್ದಾರೆ. ನಮ್ಮ ಸಭೆಗಳಲ್ಲಿ ಇರಬಾರದು. ಯಜ್ಞವೇದಿಯ ಮುಂದೆ ಕಾಣಿಕೆ ತಂದಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಎಂದು ಸ್ವಾಮಿ ಬೆಟ್ಟದ ಪ್ರಸಂಗದಲ್ಲಿ ಕಲಿಸಿದ್ದಾರೆ. ಒಡ್ಡಿನ ಜಗಳ ಇಟ್ಟುಕೊಂಡೇ ಕರ್ತನ ಭೋಜನಕ್ಕೆ ಕೈ ಚಾಚುವವರು ಆ ಮಾತನ್ನು ಹೇಗೆ ದಾಟಿ ಹೋಗುತ್ತೀರಿ?

ಮೂರನೆಯದು ಗುಳೆ ಹೋಗುವವರ ಪಾಲು. ದೀಪಾವಳಿಯ ಆಸುಪಾಸಿಗೆ ನಮ್ಮ ಓಣಿಗಳು ಖಾಲಿಯಾಗುತ್ತವೆ. ಮುಂಗಡ ಪಡೆದ ಗಂಡಹೆಂಡತಿ ಕುಡಗೋಲು, ಪಾತ್ರೆ, ಹಾಸಿಗೆ ಗಂಟು ಕಟ್ಟಿಕೊಂಡು, ಮಕ್ಕಳನ್ನೂ ಹತ್ತಿಸಿಕೊಂಡು, ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಇನ್ನು ಕೆಲವರು ಗೋವಾಕ್ಕೆ, ಪುಣೆಗೆ, ಮುಂಬೈಗೆ. ಕ್ರಿಸ್ತಜಯಂತಿ ಬರುವುದು ಕಬ್ಬಿನ ಹಂಗಾಮಿನ ನಟ್ಟನಡುವೆ. ಇಲ್ಲಿ ನಾವು ನಕ್ಷತ್ರ ತೂಗಿ ಹಾಡು ಹಾಡುವ ರಾತ್ರಿ ನಮ್ಮದೇ ಸಭೆಯ ಕುಟುಂಬಗಳು ತಾಡಪಾಲಿನ ಗುಡಿಸಲಲ್ಲಿ ಮಲಗಿರುತ್ತವೆ. ಲೂಕನ ಸುವಾರ್ತೆಯಲ್ಲಿ ತುಂಬು ಬಸುರಿ ಮರಿಯಳು ಗಂಡನೊಡನೆ ಪರವೂರಿಗೆ ಹೋಗಿ, ಇಳಿದುಕೊಳ್ಳಲು ಜಾಗ ಸಿಗದೆ, ಕೂಸನ್ನು ಗೋದಲಿಯಲ್ಲಿ ಮಲಗಿಸಿದಳು. ಆ ಕಥೆಯನ್ನು ನಮ್ಮ ಗುಳೆಯ ತಾಯಂದಿರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಬ್ಬ ಅವರಿದ್ದಲ್ಲಿಗೆ ಹೋಗಬೇಕು. ಊರಲ್ಲೇ ಬಿಟ್ಟುಹೋದ ಮಕ್ಕಳ ಶಾಲೆ ತಪ್ಪದಂತೆ, ಮುದುಕರ ಒಲೆ ಆರದಂತೆ ನೋಡುವುದು ಉಳಿದವರ ಹೊಣೆ. ನಮ್ಮವರೇ ಆಳುಗಳನ್ನು ಕರೆದೊಯ್ಯುವ ಮುಕಾದಮರಾಗಿದ್ದರೆ ಮುಂಗಡದ ಲೆಕ್ಕವನ್ನು ಬಾಯಿಬಿಟ್ಟು ಓದಿ ಹೇಳಲಿ, ಹೆಚ್ಚು ಹಿಡಿದಿದ್ದರೆ ಸುವಾರ್ತೆಯ ಸುಂಕದವ ಜಕ್ಕಾಯನಂತೆ ತಿರುಗಿ ಕೊಡಲಿ.

ನಾಲ್ಕನೆಯದು ಮಾನದ ಪಾಲು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿಯನ್ನು ನಮ್ಮ ರಾಜ್ಯ 1982ರ ಕಾನೂನಿನಿಂದ ನಿಷೇಧಿಸಿತು. ಆ ಬಾಳಿನಿಂದ ಹೊರಬಂದ ತಾಯಂದಿರು, ಅವರ ಮಕ್ಕಳು ನಮ್ಮ ಜಿಲ್ಲೆಯಲ್ಲಿದ್ದಾರೆ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಉರಿಬಿಸಿಲಿನಲ್ಲಿ ಒಬ್ಬಳೇ ನೀರಿಗೆ ಬಂದ ಸಮಾರ್ಯದ ಹೆಂಗಸಿನ ಹತ್ತಿರ ಸ್ವಾಮಿ ನೀರು ಕೇಳಿದರು. ಊರು ದೂರ ಇಟ್ಟವಳ ಕೈಯಿಂದ ಕುಡಿಯಲು ಮುಂದಾದರು. ಆಮೇಲೆ ಆ ಊರಿಗೆ ಸುವಾರ್ತೆ ಮುಟ್ಟಿಸಿದವಳು ಅವಳೇ. ಅಂಥ ತಾಯಿ ಚರ್ಚಿಗೆ ಬಂದರೆ ನಾವು ಚಾಪೆಯ ಮೇಲೆ ಸರಿದು ಜಾಗ ಕೊಡುತ್ತೇವೆ, ನಿಜ. ಅವಳ ಮನೆಯ ಚಹಾ ಕುಡಿಯುತ್ತೇವೆಯೇ? ಅವಳ ಮಗಳನ್ನು ಸೊಸೆಯಾಗಿ ತರುತ್ತೇವೆಯೇ? ಹೆಣ್ಣು ಗಂಡು ನೋಡುವಾಗ ಒಳಪಂಗಡ ಕೇಳುವ ಚಾಳಿ ಬಿಡದೆ ಕ್ರಿಸ್ತನಲ್ಲಿ ನಾವೆಲ್ಲ ಒಂದು ಎಂದು ಹಾಡುವುದು ಸುಳ್ಳಾಗುತ್ತದೆ.

ಸಹೋದರ ಸಹೋದರಿಯರೇ, ಈ ನಾಲ್ಕು ಮಾತುಗಳನ್ನು ನಿರ್ಣಯಗಳಾಗಿ ಈ ಸಮ್ಮೇಳನದ ಮುಂದೆ ಇಡುತ್ತೇನೆ. ಒಂದು, ಹೆಣ್ಣಾಳು ಗಂಡಾಳಿಗೆ ಒಂದೇ ಕೂಲಿ, ಅದೂ ಅವತ್ತೇ. ಎರಡು, ಪಾಲಿನ ವ್ಯಾಜ್ಯ ಇರುವ ಕುಟುಂಬಗಳ ಹತ್ತಿರ ಬೇರೆ ಊರಿನ ಸಭೆಯ ಇಬ್ಬರು ಹಿರಿಯರು, ಅವರಲ್ಲಿ ಒಬ್ಬಾಕೆ ಹೆಣ್ಣುಮಗಳು, ಶುಭಶುಕ್ರವಾರದೊಳಗೆ ಹೋಗಿ ಕೂತು ಮಾತಾಡಬೇಕು. ಮೂರು, ಪ್ರತಿ ಸಭೆಯೂ ಗುಳೆ ಹೋದವರ ಹೆಸರು, ಊರು ಬರೆದಿಟ್ಟು, ಕ್ರಿಸ್ತಜಯಂತಿಯ ವಾರದಲ್ಲಿ ಅವರಿದ್ದಲ್ಲಿಗೆ ಹೋಗಿ ಆರಾಧನೆ ನಡೆಸಬೇಕು. ನಾಲ್ಕು, ದೂರವಿಟ್ಟವರ ಮನೆಯಲ್ಲಿ ಉಂಡು, ಅವರೊಡನೆ ನಂಟಸ್ತನ ಬೆಳೆಸಬೇಕು.

ಇವುಗಳಲ್ಲಿ ಯಾವುದಕ್ಕೂ ಹೊರಗಿನ ಹಣ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ವರ್ಷ ಇದೇ ವೇದಿಕೆಯ ಮೇಲೆ ಪ್ರತಿ ಸಭೆಯವರೂ ಎದ್ದು ನಿಂತು, ಯಾವುದನ್ನು ನಡೆಸಿದೆವು, ಯಾವುದು ಉಳಿಯಿತು ಎಂದು ಹೇಳಲಿ. ನಮ್ಮ ಪಾಲಿಗೆ ದೇವರು ತನ್ನ ಮಗನನ್ನೇ ಕೊಟ್ಟಿದ್ದಾನೆ. ಹಾಗೆ ಪಡೆದವರು ನೆರೆಯವರ ಪಾಲನ್ನು ಹಿಡಿದಿಟ್ಟುಕೊಳ್ಳಲಾರರು. ಕರ್ತನು ನಮಗೆ ಬಲ ಕೊಡಲಿ, ನಾವು ಕೈ ಬಿಚ್ಚೋಣ.