ಆರೈಕೆಯ ಹೊಣೆ ಯಾವ ಕಚೇರಿಯದು?



‘ಸ್ಥಳೀಯ ಸರ್ಕಾರ ಮತ್ತು ವಯಸ್ಕರ ಆರೈಕೆ’ ಎಂಬ ವಿಷಯ ಕೇಳಿದ ಕೂಡಲೇ ನಮ್ಮಲ್ಲಿ ಅನೇಕರ ಬಾಯಿಗೆ ಬರುವ ಪ್ರಶ್ನೆ, ‘ಯಾಕೆ, ಮನೆಯವರಿಲ್ಲವೇ?’ ಎಂದು. ನಮ್ಮ ಚರ್ಚೆ ಶುರುವಾಗುವುದೂ ಅಲ್ಲೇ, ಮುಗಿಯುವುದೂ ಅಲ್ಲೇ. ಹಾಗಾಗಿ ಇವತ್ತು ನಾನು ಬಹುಪಾಲು ಇಂಗ್ಲೆಂಡಿನ ಬಗ್ಗೆ ಮಾತಾಡುತ್ತೇನೆ. ಅಲ್ಲಿ ಈ ಹೊಣೆ ಒಂದು ನಿರ್ದಿಷ್ಟ ಕಚೇರಿಯ ಮೇಲಿದೆ. ಆ ಕಚೇರಿ ಅದನ್ನು ಚೆನ್ನಾಗಿ ನಿಭಾಯಿಸುತ್ತಿದೆ ಎಂದು ಹೇಳಲು ನಾನು ಬಂದಿಲ್ಲ. ಹೊಣೆ ಬರೆದಿಟ್ಟರೆ ಏನಾಗುತ್ತದೆ, ಬರೆದಿಟ್ಟು ದುಡ್ಡು ಕೊಡದಿದ್ದರೆ ಏನಾಗುತ್ತದೆ ಎಂಬ ಎರಡನ್ನೂ ಅಲ್ಲಿ ನೋಡಬಹುದು.

ಬಡವರನ್ನು ಸಾಕುವ ಕೆಲಸವನ್ನು 1601ರ ಕಾಯ್ದೆ ಅಲ್ಲಿ ಪ್ಯಾರಿಷ್‌ಗಳಿಗೆ, ಅಂದರೆ ಚರ್ಚಿನ ಸರಹದ್ದಿನ ಊರುಗಳಿಗೆ ವಹಿಸಿತ್ತು. 1834ರ ಹೊಸ ಕಾಯ್ದೆಯ ಕಾಲದಲ್ಲಿ ಬಡವರನ್ನು ಇರಿಸಿ ದುಡಿಸುವ ವರ್ಕ್‌ಹೌಸ್‌ಗಳು ಬೆಳೆದವು. ಅಲ್ಲಿ ಸೇರುವುದೇ ಅವಮಾನ ಎನಿಸುವಂತೆ ಬೇಕೆಂದೇ ಅವನ್ನು ಕಠಿಣವಾಗಿಟ್ಟಿದ್ದರು. 1948ರ ಜುಲೈ 5ರಂದು ಎರಡು ವ್ಯವಸ್ಥೆಗಳು ಒಟ್ಟಿಗೆ ಜಾರಿಗೆ ಬಂದವು. ರಾಷ್ಟ್ರೀಯ ಆರೋಗ್ಯ ಸೇವೆ ಎಲ್ಲರಿಗೂ ಉಚಿತ. ವೃದ್ಧರ, ಅಂಗವಿಕಲರ ಆರೈಕೆ ಮಾತ್ರ ಸ್ಥಳೀಯ ಕೌನ್ಸಿಲ್‌ಗಳಿಗೆ, ಅದೂ ಶುಲ್ಕದೊಂದಿಗೆ. ಅಂದು ಎಳೆದ ಗೆರೆ ಇಂದಿಗೂ ಅಳಿಸಿಲ್ಲ. ಕ್ಯಾನ್ಸರ್ ಬಂದರೆ ಚಿಕಿತ್ಸೆ ಸರ್ಕಾರದ ಖರ್ಚು. ಮರೆವಿನ ಕಾಯಿಲೆ ಬಂದು ಸ್ನಾನಕ್ಕೆ, ಊಟಕ್ಕೆ ಇನ್ನೊಬ್ಬರು ಬೇಕಾದರೆ ಕೌನ್ಸಿಲ್ ಹಣ ಕೊಡುವ ಮುನ್ನ ನಿಮ್ಮ ಬ್ಯಾಂಕ್ ಪಾಸ್‌ಬುಕ್ ಕೇಳುತ್ತದೆ. ನನ್ನ ದೃಷ್ಟಿಯಲ್ಲಿ ಆ ದೇಶದ ಕಲ್ಯಾಣ ರಾಜ್ಯದ ಅತಿ ದೊಡ್ಡ ಬಿರುಕು ಇದು.

ಈಗ ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡುತ್ತಿರುವ 153 ಕೌನ್ಸಿಲ್‌ಗಳಿಗೆ 2014ರ ಕೇರ್ ಆ್ಯಕ್ಟ್ ಆಧಾರ. ಒಬ್ಬ ವಯಸ್ಕನಿಗೆ ಆರೈಕೆ ಬೇಕಿರಬಹುದು ಎಂದು ತೋರಿದರೆ ಸಾಕು, ಕೌನ್ಸಿಲ್ ಅವನ ಅಗತ್ಯವನ್ನು ಅಳೆಯಲೇಬೇಕು. ಅವನ ಹತ್ತಿರ ಹಣವಿದೆಯೇ ಎಂಬುದು ಆಮೇಲಿನ ಮಾತು. ಅಳೆಯುವುದಾದರೂ ಹೇಗೆ? ಕಾಯ್ದೆಯ ನಿಯಮಗಳಲ್ಲಿ ಹತ್ತು ಅಂಶಗಳಿವೆ. ಉಣ್ಣಲು, ಮೈ ತೊಳೆಯಲು, ಶೌಚಕ್ಕೆ ಹೋಗಲು, ಬಟ್ಟೆ ಹಾಕಿಕೊಳ್ಳಲು, ಮನೆಯಲ್ಲಿ ಬೀಳದೆ ಓಡಾಡಲು ಆಗುತ್ತದೆಯೇ ಎಂಬುವು ನಾವು ನಿರೀಕ್ಷಿಸುವಂಥವೇ. ಆದರೆ ಅದೇ ಪಟ್ಟಿಯಲ್ಲಿ ಬಂಧುಗಳ, ಸ್ನೇಹಿತರ ಸಂಬಂಧ ಉಳಿಸಿಕೊಳ್ಳಲು ಆಗುತ್ತಿದೆಯೇ, ಕೆಲಸಕ್ಕೋ ಓದಿಗೋ ಹೋಗಲು ಆಗುತ್ತಿದೆಯೇ, ಹೆತ್ತ ಮಗುವನ್ನು ನೋಡಿಕೊಳ್ಳಲು ಆಗುತ್ತಿದೆಯೇ ಎಂಬುವೂ ಇವೆ. ಕಾಯಿಲೆ ಅಥವಾ ವೈಕಲ್ಯದ ಕಾರಣಕ್ಕೆ ಇವುಗಳಲ್ಲಿ ಎರಡಾದರೂ ಆಗದೆ ಹೋಗಿ, ಅದರಿಂದ ಬದುಕಿಗೆ ಗಣನೀಯ ಪೆಟ್ಟು ಬಿದ್ದಿದ್ದರೆ ಅವನು ಅರ್ಹ. ಹೊರಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಲಾಗದ ಸ್ಥಿತಿಯನ್ನು ಕಾನೂನೇ ಒಂದು ಕೊರತೆಯೆಂದು ಲೆಕ್ಕಕ್ಕೆ ಹಿಡಿದಿದೆ.

ಇನ್ನೊಂದು ಮಾತನ್ನು ಇಲ್ಲಿರುವ ಹೆಣ್ಣುಮಕ್ಕಳು ಗಮನಿಸಬೇಕು. ಅರ್ಹತೆ ನಿರ್ಧರಿಸುವಾಗ ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ ಎಂಬುದನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ನೋಡಿಕೊಳ್ಳುವವರ ಅಗತ್ಯವನ್ನು ಬೇರೆಯಾಗಿಯೇ ಅಳೆಯಬೇಕು. ನಿಮಗೆ ಇದನ್ನು ಮಾಡಲು ಆಗುತ್ತದೆಯೇ, ಮುಂದೆಯೂ ಮಾಡಲು ಮನಸ್ಸಿದೆಯೇ ಎಂದು ಕೇಳಬೇಕು. ಅತ್ತೆ ಹಾಸಿಗೆ ಹಿಡಿದ ಮನೆಯ ಸೊಸೆಗೆ ನಮ್ಮಲ್ಲಿ ಈ ಪ್ರಶ್ನೆಯನ್ನು ಯಾರು ಕೇಳಿದ್ದಾರೆ?

ಅಳತೆ ಮುಗಿದ ಮೇಲೆ ಆರೈಕೆ ಯೋಜನೆ, ಅದಕ್ಕೆ ತಗಲುವ ಮೊತ್ತ. ಆ ಮೊತ್ತವನ್ನು ಕೌನ್ಸಿಲ್ ತಾನೇ ಖರ್ಚು ಮಾಡಬಹುದು. ಕೇಳಿದರೆ ವ್ಯಕ್ತಿಯ ಕೈಗೇ ಕೊಡಬಹುದು, ಅವನು ತನಗೆ ಬೇಕಾದ ಸಹಾಯಕರನ್ನು ನೇಮಿಸಿಕೊಳ್ಳುತ್ತಾನೆ. ಈ ‘ಡೈರೆಕ್ಟ್ ಪೇಮೆಂಟ್’ ಪದ್ಧತಿಗೆ 1996ರಲ್ಲಿ ಕಾನೂನಿನ ರೂಪ ಸಿಕ್ಕಿದ್ದು ಅಂಗವಿಕಲರು ಪಟ್ಟುಹಿಡಿದು ನಡೆಸಿದ ಹೋರಾಟದಿಂದ. ಅಧಿಕಾರಿಗಳಿಗೆ ಹೊಳೆದ ಉಪಾಯವಲ್ಲ ಅದು.

ಕೌನ್ಸಿಲ್‌ಗಳು ತಾವೇ ಆರೈಕೆ ಕೊಡುವುದು ಈಗ ಕಡಿಮೆ. ಹೆಚ್ಚಾಗಿ ಕೊಂಡು ಕೊಡುತ್ತವೆ. ಸಮುದಾಯ ಆರೈಕೆಯ ಕುರಿತ 1990ರ ಕಾಯ್ದೆ 1993ರಲ್ಲಿ ಪೂರ್ತಿ ಜಾರಿಯಾದಾಗ, ಕೇಂದ್ರದಿಂದ ಬಂದ ಹೊಸ ಅನುದಾನದ ಶೇ 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ವಲಯದಲ್ಲೇ ಖರ್ಚು ಮಾಡಬೇಕೆಂಬ ಷರತ್ತಿತ್ತು. ಅದರ ಫಲ ಮುಂದೆ ಕಾಣಿಸಿತು. ಸುಮಾರು 31,000 ವೃದ್ಧರನ್ನು ಇರಿಸಿಕೊಂಡಿದ್ದ ಸದರ್ನ್ ಕ್ರಾಸ್ ಎಂಬ ಕಂಪನಿ ಕಟ್ಟಡಗಳ ಬಾಡಿಗೆ ಕಟ್ಟಲಾಗದೆ 2011ರಲ್ಲಿ ಕುಸಿಯಿತು. ಕೇರ್ ಹೋಂ ದಿವಾಳಿಯಾದರೆ ಅಲ್ಲಿದ್ದವರ ಆರೈಕೆ ನಿಲ್ಲದಂತೆ ನೋಡುವ ಹೊಣೆ, ಅವರು ಸ್ವಂತ ಹಣ ಕೊಡುವವರಾಗಿದ್ದರೂ ಕೌನ್ಸಿಲ್‌ನದು ಎಂದು 2014ರ ಕಾಯ್ದೆ ಹೇಳಿತು. ಕೌನ್ಸಿಲ್ ಕೊಡುವ ದರ ಸಾಲದೆಂದು ಹೋಂಗಳು ಆ ನಷ್ಟವನ್ನು ಸ್ವಂತ ಹಣ ಕೊಡುವವರ ಮೇಲೆ ಹಾಕುತ್ತವೆ. ಇಂಥವರು ಸರಾಸರಿ ಶೇ 41ರಷ್ಟು ಹೆಚ್ಚು ತೆರುತ್ತಿದ್ದಾರೆ ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2017ರಲ್ಲಿ ಕಂಡುಕೊಂಡಿತು.

ದುಡ್ಡಿನ ಕಥೆ ಬೇಸರ ಹುಟ್ಟಿಸುವಂಥದ್ದು. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿಯಿದ್ದರೆ ಕೌನ್ಸಿಲ್‌ನ ಹಣ ಸಿಗದು. 2010ರಿಂದ ಆ ಮಿತಿ ಕದಲಿಲ್ಲ. ಒಬ್ಬರು ಜೀವಮಾನದಲ್ಲಿ ಇಷ್ಟಕ್ಕಿಂತ ಹೆಚ್ಚು ತೆರಬಾರದು ಎಂದು ಸರ್ಕಾರವೇ ನೇಮಿಸಿದ್ದ ಡಿಲ್ನಾಟ್ ಆಯೋಗ 2011ರಲ್ಲೇ ಹೇಳಿತ್ತು. ಸರ್ಕಾರಗಳು ಒಪ್ಪಿದವು, ಮುಂದೂಡಿದವು, 2024ರಲ್ಲಿ ಕೈಬಿಟ್ಟವು. ಈಗ ಲೂಯಿಸ್ ಕೇಸಿ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ. (ಆಯೋಗ ರಚಿಸುವ ವಿದ್ಯೆಯಲ್ಲಿ ಬ್ರಿಟಿಷರು ನಮಗೆ ಗುರುಗಳೇ ಇರಬೇಕು!) ಆರೈಕೆಗೆಂದು ಕೌನ್ಸಿಲ್ ತೆರಿಗೆ ಏರಿಸಲು 2016ರಿಂದ ಅವಕಾಶವಿದೆ. ಆದರೆ ಬೆಲೆಬಾಳುವ ಮನೆಗಳಿರುವ ಊರಿಗೆ ಅದರಿಂದ ಹೆಚ್ಚು ಹಣ ಬರುತ್ತದೆ, ಬಡವರು ಹೆಚ್ಚಿರುವ ಊರಿಗೆ ಕಡಿಮೆ. ಕೆಲಸಗಾರರ ಕೊರತೆ ತುಂಬಲು 2022ರಲ್ಲಿ ವೀಸಾ ಬಾಗಿಲು ತೆರೆದರು. ಭಾರತದಿಂದಲೂ ಬಹಳ ಮಂದಿ ಹೋದರು. 2025ರ ಜುಲೈನಲ್ಲಿ ಹೊಸಬರಿಗೆ ಅದನ್ನು ಮುಚ್ಚಿದರು.

ಇಷ್ಟಾದರೂ ಅಲ್ಲಿನ ಒಬ್ಬ ಅರ್ಹ ವ್ಯಕ್ತಿಗೆ ‘ಬಜೆಟ್ ಇಲ್ಲ’ ಎಂದಷ್ಟೇ ಹೇಳಿ ಕಳಿಸಿಬಿಡಲು ಬರುವುದಿಲ್ಲ. ಹೇಳಿದರೆ ಅವನು ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಕೋರ್ಟಿಗೆ ಹೋಗಬಹುದು. ಯಾರ ಮೇಲೆ ದೂರು ಕೊಡಬೇಕೆಂಬುದು ಅವನಿಗೆ ಗೊತ್ತು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಸಂವಿಧಾನದ ಹನ್ನೊಂದನೇ ಅನುಸೂಚಿಯ 26ನೇ ವಿಷಯ ಸಮಾಜ ಕಲ್ಯಾಣ. ಅಂಗವಿಕಲರ ಕಲ್ಯಾಣವೂ ಅದರಲ್ಲೇ ಸೇರಿದೆ. ಅದು ಪಂಚಾಯಿತಿಗೆ ವಹಿಸಬಹುದಾದ ವಿಷಯ. ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಇದೆ. ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಲು 2007ರ ಕಾಯ್ದೆ ಇದೆ. ಆದರೆ ಆ ಕಾಯ್ದೆ ಹೊಣೆ ಹೊರಿಸುವುದು ಮಕ್ಕಳ ಮೇಲೆ. ಮಕ್ಕಳೇ ಇಲ್ಲದವರಿಗೆ, ಇದ್ದೂ ಕೂಲಿಗೆ ಹೋದರೆ ಮಾತ್ರ ಒಲೆ ಉರಿಯುವ ಮನೆಯವರಿಗೆ ಅದರಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಪಿಂಚಣಿ ಖಾತೆಗೆ ಬೀಳುತ್ತದೆ, ಬ್ಯಾಂಕಿಗೆ ಕರೆದೊಯ್ಯುವವರು ಬರುವುದಿಲ್ಲ.

ಪಕ್ಕದ ಕೇರಳ ಒಂದು ದಾರಿ ತೋರಿಸಿದೆ. ಕೋಳಿಕ್ಕೋಡ್, ಮಲಪ್ಪುರಂ ಕಡೆ ಊರವರೇ ಕಟ್ಟಿದ ಉಪಶಾಮಕ ಆರೈಕೆಯ ಜಾಲವನ್ನು 2008ರ ರಾಜ್ಯ ನೀತಿ ಸ್ಥಳೀಯ ಸಂಸ್ಥೆಗಳ ಕೆಲಸವನ್ನಾಗಿಸಿತು. ಹಾಸಿಗೆ ಹಿಡಿದವರ ಮನೆಗೆ ಅಲ್ಲಿ ಪಂಚಾಯಿತಿಯ ಕಡೆಯಿಂದಲೇ ನರ್ಸ್ ಹೋಗುತ್ತಾರೆ. ನಮ್ಮಲ್ಲಿ ಆ ಜಾಗಕ್ಕೆ ಹತ್ತಿರ ಇರುವವರು ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಬಹುಮಟ್ಟಿಗೆ ಅಂಗವಿಕಲರೇ, ಪಡೆಯುವುದು ಸಂಬಳವಲ್ಲ, ಗೌರವಧನ. ಅಂಗವಿಕಲರಿಗೆಂದು ಪಂಚಾಯಿತಿ ಮೀಸಲಿಡಬೇಕಾದ ಶೇ 5ರ ಹಣವೂ ಇದೆ. ಅದು ಎಷ್ಟೋ ಕಡೆ ಸಾಧನ ಸಲಕರಣೆ ಹಂಚುವ ಕಾರ್ಯಕ್ರಮದಲ್ಲಿ, ಫೋಟೋದಲ್ಲಿ ಮುಗಿದುಹೋಗುತ್ತದೆ.

ಈ ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ಕೇರ್ ಹೋಂ, ಮಾರುಕಟ್ಟೆ, ಆಯೋಗಗಳ ಚರ್ಚೆ ಆಮೇಲೆ ಮಾಡೋಣ. ಮೊದಲು ಒಂದು ಗ್ರಾಮ ಪಂಚಾಯಿತಿಯನ್ನು ಹಿಡಿದುಕೊಳ್ಳಿ. ಅಲ್ಲಿನ ಪುನರ್ವಸತಿ ಕಾರ್ಯಕರ್ತರೊಂದಿಗೆ, ಆಶಾ ಕಾರ್ಯಕರ್ತೆಯೊಂದಿಗೆ ಕೂತು ನಮ್ಮ ಮನೆಗಳಿಗೆ ಒಪ್ಪುವ ಒಂದು ಅಗತ್ಯ ಪಟ್ಟಿ ತಯಾರಿಸಿ. ನೋಡಿಕೊಳ್ಳುವವರಿಗೂ ಅದರಲ್ಲಿ ಒಂದು ಕಾಲಂ ಇರಲಿ. ಅದನ್ನು ಹಿಡಿದು ಮನೆಮನೆಗೆ ಹೋಗಿ, ಬಂದ ಉತ್ತರಗಳನ್ನು ಗ್ರಾಮಸಭೆಯಲ್ಲಿ ಓದಿ, ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಸೇರಿಸಿ ಎಂದು ಪಿಡಿಒ ಅವರನ್ನು ಕೇಳಿ. ಒಂದು ಪಂಚಾಯಿತಿಯಲ್ಲಾದರೂ ಇದನ್ನು ಮಾಡಿ ತೋರಿಸಿದ ವರದಿ ಮುಂದಿನ ಸಂಕಿರಣದ ಹೊತ್ತಿಗೆ ನಮ್ಮ ಕೈಯಲ್ಲಿರಬೇಕು. ಈ ಕೆಲಸಕ್ಕೆ ಹೆಸರು ಕೊಡುವವರು ಇವತ್ತು ಸಂಜೆಯೊಳಗೆ ಸಂಘಟಕರನ್ನು ಕಾಣಬೇಕಾಗಿ ವಿನಂತಿ.