ನಾವು ಯಾರಿಗೆ ನೆರೆಯವರು?

(ಹರ್ತಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹರ್ತಿ ಅಂದ ಕೂಡಲೇ ನೆನಪಾಗುವುದು ಇಲ್ಲಿಯ ಬಸವೇಶ್ವರ ದೇವಸ್ಥಾನ. ಜಾತ್ರೆ ಬಂತೆಂದರೆ ಇಡೀ ಊರು ಒಂದೇ ಮನೆಯಾಗುತ್ತದೆ, ಬಂದವರನ್ನು ಉಣ್ಣಿಸದೆ ಯಾರೂ ಕಳಿಸುವುದಿಲ್ಲ. ಆದರೆ ಜಾತ್ರೆ ಮುಗಿದ ಮೇಲೆ ಬಾಜೂ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ ಎಂದು ನೋಡುವವರು ಯಾರು? ಆ ಮಾತನ್ನೇ ಇವತ್ತು ಆಡೋಣ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಒಂದು ಕಥೆ ಇದೆ. ಶಾಸ್ತ್ರ ಬಲ್ಲ ಒಬ್ಬ ಪಂಡಿತ ತನ್ನ ನೆರೆಯವನು ಯಾರೆಂದು ಯೇಸುಸ್ವಾಮಿಯನ್ನು ಕೇಳಿದ. ಯೇಸು ಹೇಳಿದ ಕಥೆಯಲ್ಲಿ, ಜೆರುಸಲೇಮಿನಿಂದ ಜೆರಿಕೋಗೆ ಇಳಿದು ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಬಿಸಾಕಿ ಹೋದರು. ಗುಡಿಯ ಯಾಜಕ ಬಂದ, ಲೇವಿಯ ಬಂದ, ಕೊನೆಗೆ ಒಬ್ಬ ಸಮಾರಿಯದವನು ಬಂದ. ನೋಡಿದವರು ಮೂವರೂ ಹೌದು, ಹತ್ತಿರ ಹೋದವನು ಒಬ್ಬನೇ. ಅವನೂ ಯೆಹೂದ್ಯರು ದೂರ ಇಟ್ಟಿದ್ದ ಜನಾಂಗದವನು.

ಅವನ ಕೆಲಸವನ್ನು ಸ್ವಲ್ಪ ಗಮನಿಸಿರಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಸವಾರಿಯ ಪ್ರಾಣಿಯ ಮೇಲೆ ಕೂಡಿಸಿ ಛತ್ರಕ್ಕೆ ಕರೆದೊಯ್ದ. ಮರುದಿನ ಎರಡು ಬೆಳ್ಳಿ ನಾಣ್ಯ, ಅಂದರೆ ಆಗಿನ ಕಾಲದ ಎರಡು ದಿನದ ಕೂಲಿ, ಛತ್ರದವನಿಗೆ ಕೊಟ್ಟ. ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ನಮಗೆ ಬಹಳ ಮುಖ್ಯ ಅನಿಸುವುದು ಈ ಕೊನೆಯ ಮಾತು. ಅವನು ಒಬ್ಬನೇ ಎಲ್ಲ ಭಾರ ಹೊರಲಿಲ್ಲ, ಇನ್ನೊಬ್ಬರನ್ನು ಕೂಡಿಸಿಕೊಂಡ. ಮತ್ತೆ ಬರುತ್ತೇನೆ ಎಂದ. ಒಂದು ಸಲ ಕೊಟ್ಟು ಮರೆತರೆ ಅದು ದಾನ. ತಿರುಗಿ ಬಂದು ವಿಚಾರಿಸಿದರೆ ಅದು ನೆರೆಹೊರೆ.

ಕಥೆ ಮುಗಿದ ಮೇಲೆ ಯೇಸು ಆ ಪಂಡಿತನ ಪ್ರಶ್ನೆಯನ್ನೇ ತಿರುಗಿಸಿದರು: ಮೂವರಲ್ಲಿ ನೆರೆಯವನಾದವನು ಯಾರು? ನಮಗೂ ಅದೇ ಪ್ರಶ್ನೆ.

ನಮ್ಮ ಗದಗ ಜಿಲ್ಲೆ ಮಳೆಯನ್ನು ನಂಬಿದ ನೆಲ. ಮಳೆ ಕೈಕೊಟ್ಟಾಗ ದುಡಿಯುವ ಮಕ್ಕಳು ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ವಯಸ್ಸಾದವರು, ಸಾಲಿಗೆ ಹೋಗುವ ಮಕ್ಕಳು. ನಾವು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಹೀಗೇ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಹೊಲದ ಬದುವಿನ ಸಲುವಾಗಿ ಬಾಜೂ ಮನೆಯವರ ಕೂಡ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಂದು ದಿನ ಹೊತ್ತೇರಿದರೂ ಅಜ್ಜಿಯ ಅಂಗಳಕ್ಕೆ ನೀರು ಬಿದ್ದಿರಲಿಲ್ಲ. ಅದನ್ನು ಕಂಡು ಬಾಗಿಲು ಬಡಿದವಳು ಆ ಮಾತು ಬಿಟ್ಟ ಮನೆಯ ಸೊಸೆ. ಅಜ್ಜಿಗೆ ರಾತ್ರಿಯಿಂದ ವಿಪರೀತ ಜ್ವರ, ಎದ್ದು ನೀರು ಕುಡಿಯುವ ಶಕ್ತಿ ಇರಲಿಲ್ಲ. ಗಂಜಿ ಕುಡಿಸಿ, ಆಶಾ ಕಾರ್ಯಕರ್ತೆಯನ್ನು ಕರೆಸಿ, ದವಾಖಾನೆಗೆ ಒಯ್ದರು. ಆಮೇಲೆ ಆ ಸೊಸೆ ನಮಗೆ ಹೇಳಿದ್ದು ಇಷ್ಟೇ: “ಮಾತು ಬಿಟ್ಟಿದ್ವಿ ಖರೇರಿ ಸಿಸ್ಟರ್, ನೋಡೂದು ಬಿಟ್ಟಿರಲಿಲ್ಲ.” ಬದುವಿನ ತಂಟೆ ಇನ್ನೂ ಬಗೆಹರಿದಿಲ್ಲ. ಆದರೆ ಅಜ್ಜಿ ಬದುಕಿದಳು.

ನೋಡುವುದು ಬೇರೆ, ಇಣುಕುವುದು ಬೇರೆ. ಬಾಜೂ ಮನೆಯ ಕಷ್ಟ ಕಂಡು ಕಟ್ಟೆಯ ಮೇಲೆ ಕುಳಿತು ಹತ್ತು ಮಂದಿಗೆ ಹೇಳಿದರೆ ಅವರ ಗಾಯಕ್ಕೆ ಉಪ್ಪು ಸವರಿದಂತೆ. ಕಂಡದ್ದು ಹೊಟ್ಟೆಯಲ್ಲಿ ಇರಲಿ, ಕೈ ಮುಂದೆ ಬರಲಿ.

ಇದು ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿತು. 1904ರ ಕಾಯ್ದೆಯಡಿ ದೇಶಕ್ಕೇ ಮೊದಲನೆಯದು ಎಂದು ಅದಕ್ಕೆ ಹೆಸರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ನೆರೆಯವನ ಮೇಲೆ ನಂಬಿಕೆ, ಅವನ ಸ್ಥಿತಿಯ ಅರಿವು ಇಲ್ಲದೆ ಇಂಥ ಹೊಣೆ ಹೊರಲಾಗುತ್ತದೆಯೇ? ನಿಮ್ಮ ಸ್ವಸಹಾಯ ಸಂಘವೂ ಅದೇ ಬೇರಿನ ಬಳ್ಳಿ. ವಾರದ ಸಭೆಗೆ ಒಬ್ಬ ಸದಸ್ಯೆ ಬರದಿದ್ದರೆ ದಂಡ ಬರೆಯುವ ಮೊದಲು ಯಾಕೆ ಬರಲಿಲ್ಲ ಎಂದು ಕೇಳಿರಿ.

ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ‘ಫ್ರತೆಲ್ಲಿ ತುತ್ತಿ’ ಎಂಬ ಪತ್ರದಲ್ಲಿ ಒಂದು ಇಡೀ ಅಧ್ಯಾಯವನ್ನು ಈ ಸಮಾರಿಯದವನ ಕಥೆಗೇ ಮೀಸಲಿಟ್ಟರು. 2021ರಿಂದ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನವೆಂದು ಧರ್ಮಸಭೆ ಆಚರಿಸುತ್ತಿದೆ. ಒಂದು ಭಾನುವಾರ ಸಾಲದು, ದಿನಾಲೂ ಬೇಕು.

ಆದ್ದರಿಂದ ಮೂರು ಸಣ್ಣ ಕೆಲಸ ಹೇಳುತ್ತೇವೆ. ಒಂದು, ಪ್ರತಿ ಸದಸ್ಯೆ ಒಂಟಿಯಾಗಿರುವ ಒಂದು ಮನೆಯನ್ನು ಆರಿಸಿಕೊಂಡು ಮುಂಜಾನೆ ಒಮ್ಮೆ “ಎದ್ದೀರೇನ್ರೀ?” ಎಂದು ಕೇಳಿರಿ, ಆ ಮನೆ ಬೇರೆ ಓಣಿಯದಾಗಿದ್ದರೆ ಇನ್ನೂ ಒಳ್ಳೇದು. ಎರಡು, ಗುಳೆ ಹೋದ ಮಕ್ಕಳ ಫೋನ್ ನಂಬರ್ ಸಂಘದ ಪುಸ್ತಕದಲ್ಲಿ ಬರೆದಿಡಿರಿ. ಹಿರಿಯರಿಗೆ ತೊಂದರೆಯಾದರೆ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮೂರು, ಸಾಲದ ಚಿಂತೆಯಿಂದ ಮಾತು ಕಡಿಮೆ ಮಾಡಿದವರನ್ನು, ಊಟ ಬಿಟ್ಟವರನ್ನು ಒಂಟಿಯಾಗಿ ಬಿಡಬೇಡಿರಿ. ಅವರ ಜೊತೆ ಕೂಡಿರಿ, ಹೇಳುವುದನ್ನು ಕೇಳಿರಿ. ಮನಸ್ಸಿನ ಸಂಕಟಕ್ಕೆ 14416ರಲ್ಲಿ ಸಲಹೆ ಸಿಗುತ್ತದೆ. ನಂಬರ್ ಕೊಟ್ಟು ಸುಮ್ಮನಾಗದೆ, ಮರುದಿನ ಮತ್ತೆ ಹೋಗಿರಿ.

ದೇವರನ್ನು ಪ್ರೀತಿಸುತ್ತೇವೆ ಎಂಬ ನಮ್ಮ ಮಾತಿಗೆ ಸಾಕ್ಷಿ ಹೇಳಬೇಕಾದವರು ನಮ್ಮ ಬಾಜೂ ಮನೆಯವರೇ. ಅವರು ಒಳ್ಳೆಯ ಸಾಕ್ಷಿ ಹೇಳುವಂತೆ ಬಾಳೋಣ. ದೇವರು ನಿಮ್ಮೆಲ್ಲರಿಗೂ ಒಳ್ಳೇದು ಮಾಡಲಿ.